ಮನೆಯಲ್ಲೇ ಉಳಿದು ಆರೈಕೆ ಮಾಡುವವರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಗಂಟಲಿಗೆ ಟ್ಯೂಬ್, ಮೂಗಿನಲ್ಲಿ ನಳಿಕೆ, ಆಕ್ಸಿಜನ್, ಬೆನ್ನುಹುರಿಯ ಪೆಟ್ಟು. ಇಂಥವರನ್ನು ದವಾಖಾನೆಯಿಂದ ಮನೆಗೆ ಕರೆತಂದು, ಮನೆಯಲ್ಲೇ ಉಳಿಯುವ ಆರೈಕೆಯವರನ್ನು ಇಟ್ಟುಕೊಂಡ ಕುಟುಂಬಗಳ ಪತ್ರಗಳು ಈ ಬಾರಿ ಹೆಚ್ಚು ಬಂದಿವೆ. ಕೇಳಿದವರ ಹೆಸರು ಬಿಟ್ಟಿದ್ದೇವೆ. ಉತ್ತರಿಸಿದವರು ಮನೆ ಆರೈಕೆಯಲ್ಲಿ ಕೆಲಸ ಮಾಡುವ ನರ್ಸ್‌ಗಳು ಮತ್ತು ಫಿಸಿಯೊಥೆರಪಿಸ್ಟ್‌ಗಳು. ಔಷಧದ ಪ್ರಮಾಣವನ್ನು ನಿಮ್ಮ ವೈದ್ಯರೇ ಹೇಳಬೇಕು. ಇಲ್ಲಿರುವುದು ದಿನನಿತ್ಯದ ಕೆಲಸದ ವಿವರ.

ಹುಬ್ಬಳ್ಳಿ, ವಿದ್ಯಾನಗರದ ಓದುಗರು: ಅಪಘಾತದಾಗ ತಲಿಗೆ ಪೆಟ್ಟಾಗಿ ನಮ್ಮ ಅಪ್ಪಾರು ಎರಡು ತಿಂಗಳಿಂದ ದವಾಖಾನ್ಯಾಗ ಅದಾರ. ಗಂಟಲಿಗೆ ಟ್ಯೂಬ್ ಐತಿ, ಮೂಗಿನಾಗ ರೈಲ್ಸ್ ಟ್ಯೂಬ್ ಐತಿ. ಮುಂದಿನ ವಾರ ಮನಿಗೆ ಕಳಸ್ತೀವಿ ಅಂದಾರ. ಆರೈಕಿ ಮಂದೀನ ಕಳಸೂ ಬ್ಯೂರೋದವರು ‘ಜಿಡಿಎ ಬೇಕೋ, ನರ್ಸ್ ಬೇಕೋ’ ಅಂತ ಕೇಳ್ತಾರ. ಪಗಾರದಾಗ ಭಾಳ ಫರಕ್ ಐತಿ. ಯಾರನ್ನ ಇಟ್ಕೊಳ್ಳೂದು?

ಉತ್ತರ: ಪಗಾರ ನೋಡುವ ಮೊದಲು ಕೆಲಸ ನೋಡಿ. ವಾರ್ಡಿನ ಸಿಸ್ಟರ್ ಹತ್ತಿರ ಕುಳಿತು, ಬೆಳಿಗ್ಗೆ ಆರರಿಂದ ಮರುದಿನ ಆರರವರೆಗೆ ನಿಮ್ಮ ತಂದೆಯವರಿಗೆ ಏನೇನು ಮಾಡುತ್ತಾರೆ ಎಂದು ಸಮಯ ಹಾಕಿ ಬರೆದುಕೊಳ್ಳಿ. ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಡೈಪರ್, ಬಾಯಿ ಸ್ವಚ್ಛತೆ, ಕಲಿಸಿದ ಮೇಲೆ ನಳಿಕೆಯಲ್ಲಿ ಆಹಾರ ಕೊಡುವುದು, ಇವನ್ನು ಜಿಡಿಎ, ಅಂದರೆ ಜನರಲ್ ಡ್ಯೂಟಿ ಅಸಿಸ್ಟೆಂಟ್, ಚೆನ್ನಾಗಿ ಮಾಡಬಲ್ಲರು. ಇಂಜೆಕ್ಷನ್, ಸಲೈನ್, ಗಂಟಲಿನ ಟ್ಯೂಬ್ ಬದಲಿಸುವುದು, ಇದ್ದಕ್ಕಿದ್ದಂತೆ ಉಸಿರು ಕೆಟ್ಟಾಗ ಏನು ಮಾಡಬೇಕೆಂದು ನಿರ್ಧರಿಸುವುದು ಜಿಎನ್ಎಂ (ನರ್ಸಿಂಗ್ ಡಿಪ್ಲೊಮಾ) ಅಥವಾ ಬಿಎಸ್ಸಿ ನರ್ಸ್ ಕೆಲಸ. ನಮ್ಮ ಅಭಿಪ್ರಾಯ ಕೇಳಿದರೆ, ಟ್ಯೂಬ್ ಇರುವ ರೋಗಿ ಮನೆಗೆ ಬಂದ ಮೊದಲ ಒಂದು ತಿಂಗಳು ನರ್ಸೇ ಇರಲಿ. ಕಫ ತಿಳಿಯಾಗಿ, ಜ್ವರವಿಲ್ಲದೆ, ಮನೆಯವರ ಕೈ ಪಳಗಿದ ಮೇಲೆ ಜಿಡಿಎ ಜೊತೆಗೆ ವಾರಕ್ಕೊಮ್ಮೆ ನರ್ಸ್ ಬಂದು ಹೋಗುವ ಏರ್ಪಾಟು ಸಾಕಾಗಬಹುದು. ನರ್ಸ್ ಎಂದು ಕಳಿಸಿದವರ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಕಾರ್ಡನ್ನು ಕೇಳಿ ನೋಡಿ. ಇದರಲ್ಲಿ ಸಂಕೋಚ ಬೇಡ.

ಯಾರೇ ಬರಲಿ, ಡಿಸ್ಚಾರ್ಜ್‌ಗೆ ಕನಿಷ್ಠ ಮೂರು ದಿನ ಮೊದಲೇ ಅವರನ್ನು ವಾರ್ಡಿಗೆ ಕರೆಸಿ. ಅವರ ಜೊತೆ ಮನೆಯವರೂ ಇಬ್ಬರು, ಸಿಸ್ಟರ್ ಎದುರಿಗೆ ತಮ್ಮ ಕೈಯಾರೆ ಸಕ್ಷನ್, ಅಂದರೆ ಗಂಟಲಿನ ಟ್ಯೂಬಿನಿಂದ ಯಂತ್ರದಲ್ಲಿ ಕಫ ಎಳೆದು ತೆಗೆಯುವುದನ್ನು, ಮಾಡಬೇಕು, ಆಹಾರ ಕೊಡಬೇಕು. ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಹೋಗಿ ಮನೆಯಲ್ಲಿ ಕಲಿಯುತ್ತೇವೆ ಎಂದವರು ಮೊದಲ ರಾತ್ರಿಯೇ ಗಾಬರಿಯಾಗಿ ಮತ್ತೆ ಕ್ಯಾಜುವಲ್ಟಿಗೆ ಓಡುತ್ತಾರೆ.

ಸಕ್ಷನ್‌ನಲ್ಲಿ ತಪ್ಪುಗಳು ಹೆಚ್ಚು. ಕಫ ಎಳೆಯುವ ತೆಳ್ಳನೆಯ ನಳಿಕೆ, ಅಂದರೆ ಕ್ಯಾಥೆಟರ್‌ನ ದಪ್ಪ ಗಂಟಲಿನ ಟ್ಯೂಬಿನ ಒಳಅಳತೆಯ ಅರ್ಧ ಮೀರಬಾರದು. ಲೆಕ್ಕ ಸುಲಭ: ಟ್ಯೂಬ್ ನಂಬರಿನಲ್ಲಿ 2 ಕಳೆದು ಎರಡರಿಂದ ಗುಣಿಸಿ. 8 ನಂಬರ್ ಟ್ಯೂಬಿಗೆ 12 ನಂಬರಿನ ಕ್ಯಾಥೆಟರ್, 7 ನಂಬರಿಗೆ 10. ಮೆಡಿಕಲ್ ಅಂಗಡಿಯಲ್ಲಿ ತುದಿಯ ಬಣ್ಣ ನೋಡಿದರೂ ತಿಳಿಯುತ್ತದೆ: 10ಕ್ಕೆ ಕಪ್ಪು, 12ಕ್ಕೆ ಬಿಳಿ, 14ಕ್ಕೆ ಹಸಿರು. ‘ಕಫ ಗಟ್ಟಿ ಐತಿ’ ಎಂದು ದಪ್ಪನೆಯ ಹಸಿರು ಹಾಕಿದರೆ ಶ್ವಾಸನಾಳದ ಗಾಳಿಯೇ ಹೊರಗೆ ಎಳೆದು ಬಂದು ಆಕ್ಸಿಜನ್ ಕುಸಿಯುತ್ತದೆ. ಯಂತ್ರದ ಒತ್ತಡ ದೊಡ್ಡವರಿಗೆ 100ರಿಂದ 120 ಎಂಎಂ ಪಾದರಸ. ಗುಂಡಿಯನ್ನು ಕೊನೆವರೆಗೆ ತಿರುವಿದರೆ ಕಫದ ಜೊತೆ ರಕ್ತ ಬರುತ್ತದೆ. ಒಳಗೆ ಹಾಕುವಾಗ ಕ್ಯಾಥೆಟರ್ ಬುಡದ ತೂತಿನ ಮೇಲಿಂದ ಬೆರಳು ತೆಗೆದಿರಬೇಕು, ಹೊರಗೆ ತೆಗೆಯುವಾಗ ಅದನ್ನು ಬೆರಳಿನಿಂದ ಮುಚ್ಚಿ ಎಳೆಯಬೇಕು, ಎಲ್ಲಾ ಸೇರಿ 10 ಸೆಕೆಂಡ್. ಎಷ್ಟು ಆಳ ಹೋಗಬೇಕೆಂದು ಅಳೆದು ಗುರುತು ಹಾಕಿಸಿಕೊಂಡು ಬನ್ನಿ. ಗಂಟೆ ನೋಡಿ ಸಕ್ಷನ್ ಮಾಡುವುದು ಬೇಡ. ಗೊರಗೊರ ಸದ್ದು, ಕೆಮ್ಮು, ಆಕ್ಸಿಮೀಟರ್ ಇಳಿತ, ಚಡಪಡಿಕೆ ಕಂಡಾಗ ಮಾಡಿ.

ಯಂತ್ರದ ಬಾಟಲಿ ಮೂರರಲ್ಲಿ ಎರಡು ಪಾಲು ತುಂಬುವ ಮುಂಚೆಯೇ ಚೆಲ್ಲಿ. ತುಂಬಿ ಹರಿದರೆ ನೀರು ಫಿಲ್ಟರಿಗೆ ಹೋಗಿ ಎಳೆತ ನಿಲ್ಲುತ್ತದೆ. ಜನ ಮೋಟರ್ ಸುಟ್ಟಿದೆ ಎಂದುಕೊಳ್ಳುತ್ತಾರೆ, ಎಷ್ಟೋ ಸಲ ಫಿಲ್ಟರ್ ಬದಲಿಸಿದರೆ ಸಾಕು. ಕರೆಂಟ್ ಹೋದಾಗ ಬೇಕಾಗುತ್ತದೆಂದು ಕಾಲಿನಿಂದ ಒತ್ತುವ ಸಕ್ಷನ್ ಪಂಪ್ ಒಂದನ್ನು ಮಂಚದ ಕೆಳಗೆ ಇಡಿ.

ಗೋಡೆಗೆ ಒಂದು ಚೀಲ ನೇತುಹಾಕಿ. ಅದರಲ್ಲಿ ಅದೇ ನಂಬರಿನ ಒಂದು ಟ್ಯೂಬ್, ಒಂದು ನಂಬರ್ ಸಣ್ಣದು ಇನ್ನೊಂದು, ಕಟ್ಟುವ ಟೇಪು, ಕತ್ತರಿ, ಜೆಲ್ಲಿ, ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್ ಇರಲಿ. ಕುತ್ತಿಗೆಯ ಟೇಪಿನ ಕೆಳಗೆ ಒಂದು ಬೆರಳು ಮಾತ್ರ ಹೋಗಬೇಕು. ಸಡಿಲವಾದರೆ ಕೆಮ್ಮಿದಾಗ ಟ್ಯೂಬ್ ಹೊರಗೆ ಬರುತ್ತದೆ. ಬಂದರೆ ಏನು ಮಾಡಬೇಕು, ಮೂಗು-ಬಾಯಿಯ ಉಸಿರಿನ ದಾರಿ ತೆರೆದಿದೆಯೋ ಇಲ್ಲವೋ ಎಂಬುದನ್ನು ಡಾಕ್ಟರಿಂದ ಡಿಸ್ಚಾರ್ಜ್ ಕಾಗದದ ಮೇಲೇ ಬರೆಸಿಕೊಳ್ಳಿ. 108ರವರಿಗೆ ಅದನ್ನೇ ಓದಿ ಹೇಳಬೇಕಾಗುತ್ತದೆ.

ಗದಗ ತಾಲ್ಲೂಕಿನ ಮುಳಗುಂದದಿಂದ ಒಬ್ಬ ಸೊಸೆ: ಅತ್ತೆಯವರಿಗೆ ಪಾರ್ಶ್ವವಾಯು ಆಗಿ ನುಂಗಲು ಬರುವುದಿಲ್ಲ. ಎರಡು ತಾಸಿಗೊಮ್ಮೆ ರೈಲ್ಸ್ ಟ್ಯೂಬಿನಲ್ಲಿ ರಾಗಿ ಗಂಜಿ, ಅಕ್ಕಿ ಗಂಜಿ ಕೊಡುತ್ತೇವೆ. ಟ್ಯೂಬ್ ಪದೇ ಪದೇ ಕಟ್ಟಿಕೊಳ್ಳುತ್ತದೆ, ಅವರು ಮಾತ್ರ ದಿನದಿನಕ್ಕೆ ಸೊರಗುತ್ತಿದ್ದಾರೆ.

ಉತ್ತರ: ಎರಡಕ್ಕೂ ಕಾರಣ ಗಂಜಿಯಲ್ಲೇ ಇದೆ. ಟ್ಯೂಬಿನಲ್ಲಿ ಇಳಿಯಲಿ ಎಂದು ನೀರಾಗಿ ಮಾಡಿದ ಅಕ್ಕಿ ಗಂಜಿಯ 200 ಮಿಲಿ ಲೋಟದಲ್ಲಿ ಹೆಚ್ಚೆಂದರೆ 70-80 ಕ್ಯಾಲರಿ. ಎಂಟು ಸಲ ಕೊಟ್ಟರೂ 600 ದಾಟುವುದು ಕಷ್ಟ. 50 ಕಿಲೋ ತೂಕದವರಿಗೆ ದಿನಕ್ಕೆ 1,250ರಿಂದ 1,500 ಕ್ಯಾಲರಿ ಬೇಕು, ಪ್ರೋಟೀನ್ 50-60 ಗ್ರಾಂ ಬೇಕು. ಹೊಟ್ಟೆ ತುಂಬಿದಂತೆ ಕಂಡರೂ ಮೈ ಕರಗುತ್ತದೆ, ಹಿಂದೆಯೇ ಬೆನ್ನಿಗೆ ಹುಣ್ಣು ಬರುತ್ತದೆ.

ಒಂದು ಹೊತ್ತಿಗೆ ಹೀಗೆ ಮಾಡಿ ನೋಡಿ: ಕೆನೆ ತೆಗೆಯದ ಆಕಳ ಹಾಲು 200 ಮಿಲಿ, ಮೊಳಕೆ ಕಟ್ಟಿ ಒಣಗಿಸಿ ಬೀಸಿದ ರಾಗಿ ಹಿಟ್ಟು 15 ಗ್ರಾಂ, ಬೆಲ್ಲ ಅಥವಾ ಸಕ್ಕರೆ 10 ಗ್ರಾಂ, ಅಡುಗೆ ಎಣ್ಣೆ ಒಂದು ಚಹಾ ಚಮಚ. ಕುದಿಸಿ, ಸೋಸಿ, ಉಗುರುಬೆಚ್ಚಗೆ ಮಾಡಿ ಕೊಡಿ. ಇದರಲ್ಲಿ ಸುಮಾರು 260 ಕ್ಯಾಲರಿ ಇರುತ್ತದೆ. ಮತ್ತೊಂದು ಹೊತ್ತಿಗೆ ಹೆಸರುಬೇಳೆ 30 ಗ್ರಾಂ, ಅಕ್ಕಿ 15 ಗ್ರಾಂ ಮೆತ್ತಗೆ ಬೇಯಿಸಿ, ಮಿಕ್ಸರ್‌ನಲ್ಲಿ ನುಣ್ಣಗೆ ರುಬ್ಬಿ, ಸೋಸಿ, ಒಂದು ಚಮಚ ಎಣ್ಣೆ ಸೇರಿಸಿ. ಪುಠಾಣಿ ಹಿಟ್ಟನ್ನೂ ಹಾಲಿಗೆ ಸೇರಿಸಬಹುದು, ಆದರೆ ಸೋಸುವುದನ್ನು ಬಿಡಬಾರದು. ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ತೊಂದರೆ ಇದ್ದರೆ ಈ ಲೆಕ್ಕ ಬದಲಾಗುತ್ತದೆ, ಆಹಾರ ತಜ್ಞರಿಂದ ಬರೆಸಿಕೊಳ್ಳಿ.

ಗಂಜಿ ದಪ್ಪಗಿದ್ದೂ ಟ್ಯೂಬಿನಲ್ಲಿ ಹರಿಯಬೇಕೆಂದರೆ ಮೊಳಕೆ ಹಿಟ್ಟಿನ ಸಹಾಯ ತೆಗೆದುಕೊಳ್ಳಿ. ದಪ್ಪ ಗಂಜಿ ಕುದಿ ಇಳಿದು ಬಿಸಿಯಾಗಿರುವಾಗಲೇ ಒಂದು ಚಮಚ ಮೊಳಕೆ ರಾಗಿ ಹಿಟ್ಟು ಕಲೆಸಿ ಹತ್ತು-ಹದಿನೈದು ನಿಮಿಷ ಬಿಡಿ. ಮೊಳಕೆಯಲ್ಲಿರುವ ಕಿಣ್ವ ಪಿಷ್ಟವನ್ನು ಒಡೆದು ಗಂಜಿ ತಾನಾಗಿ ತೆಳ್ಳಗಾಗುತ್ತದೆ, ಕ್ಯಾಲರಿ ಮಾತ್ರ ಹಾಗೇ ಉಳಿಯುತ್ತದೆ. ಆಮೇಲೆ ಇನ್ನೊಂದು ಕುದಿ ಬರಿಸಿ. ಕುದಿಯುವಾಗಲೇ ಹಾಕಿದರೆ ಕಿಣ್ವ ಸತ್ತುಹೋಗುತ್ತದೆ, ಉಪಯೋಗವಿಲ್ಲ.

ಎರಡು ತಾಸಿಗೊಮ್ಮೆ ಬದಲು ಮೂರು ತಾಸಿಗೊಮ್ಮೆ 250 ಮಿಲಿಯಂತೆ ಆರು ಹೊತ್ತು ಕೊಟ್ಟು ರಾತ್ರಿ ಬಿಡುವು ಕೊಡಿ. ತಲೆಯ ಕಡೆ 30ರಿಂದ 45 ಡಿಗ್ರಿ ಎತ್ತರ, ಕೊಟ್ಟ ಮೇಲೂ ಒಂದು ತಾಸು ಹಾಗೇ ಇರಲಿ. 50 ಮಿಲಿ ಸಿರಿಂಜಿನ ಪಿಸ್ಟನ್ ತೆಗೆದು, ಹೊಟ್ಟೆಗಿಂತ ಒಂದು ಗೇಣು ಮೇಲೆ ಹಿಡಿದು ತಾನಾಗಿ ಇಳಿಯಲು ಬಿಡಿ, 15-20 ನಿಮಿಷ ಹಿಡಿಯಬೇಕು. ಅವಸರಕ್ಕೆ ಒತ್ತಿದರೆ ವಾಂತಿಯಾಗಿ ಶ್ವಾಸಕೋಶಕ್ಕೆ ಹೋಗುತ್ತದೆ. ಮೊದಲು ಮತ್ತು ಕೊನೆಗೆ 30 ಮಿಲಿ ಕಾಯಿಸಿ ಆರಿಸಿದ ನೀರು.

ಟ್ಯೂಬ್ ಕಟ್ಟುವುದಕ್ಕೆ ಇನ್ನೊಂದು ದೊಡ್ಡ ಕಾರಣ ಮಾತ್ರೆ. ಎಲ್ಲ ಮಾತ್ರೆ ಒಟ್ಟಿಗೆ ಕುಟ್ಟಿ ಗಂಜಿಯಲ್ಲಿ ಕಲೆಸಬೇಡಿ. ಒಂದೊಂದನ್ನೇ ನುಣ್ಣಗೆ ಪುಡಿ ಮಾಡಿ 15-20 ಮಿಲಿ ನೀರಿನಲ್ಲಿ ಕರಗಿಸಿ ಕೊಡಿ, ನಡುವೆ ನೀರು ಹಾಯಿಸಿ. ಹೆಸರಿನ ಮುಂದೆ ಎಸ್ಆರ್, ಎಕ್ಸ್ಆರ್, ಸಿಆರ್ ಎಂದಿರುವ ಮಾತ್ರೆ, ಹೊಟ್ಟೆಯಲ್ಲಿ ಕರಗಬಾರದೆಂದು ಲೇಪ ಹಾಕಿದ ಮಾತ್ರೆ ಕುಟ್ಟುವಂತೆಯೇ ಇಲ್ಲ. ಡಾಕ್ಟರಿಗೆ ಹೇಳಿ ಸಿರಪ್ ಅಥವಾ ಬೇರೆ ರೂಪ ಬರೆಸಿ. ಫಿಟ್ಸ್‌ಗೆ ಫೆನಿಟಾಯಿನ್ ಇದ್ದರೆ ಆಹಾರದ ಜೊತೆ ಕೊಟ್ಟಾಗ ಮೈಗೆ ಹತ್ತುವುದು ಕಡಿಮೆಯಾಗುತ್ತದೆ, ಎಷ್ಟು ಅಂತರ ಬಿಡಬೇಕೆಂದು ಕೇಳಿ. ಕಟ್ಟಿಕೊಂಡರೆ 50 ಮಿಲಿ ಸಿರಿಂಜಿನಲ್ಲೇ ಉಗುರುಬೆಚ್ಚಗಿನ ನೀರನ್ನು ನಿಧಾನಕ್ಕೆ ಒತ್ತಿ, ಎಳೆದು ಮಾಡಿ. ಸಣ್ಣ ಸಿರಿಂಜಿನ ಒತ್ತಡ ಹೆಚ್ಚು, ಟ್ಯೂಬ್ ಒಡೆಯುತ್ತದೆ. ತಂತಿ ಹಾಕುವುದಂತೂ ಬೇಡವೇ ಬೇಡ.

ಪ್ರತಿ ಸಲ ಕೊಡುವ ಮುಂಚೆ ಮೂಗಿನ ಹತ್ತಿರ ಟ್ಯೂಬಿಗೆ ಹಾಕಿದ ಮಾರ್ಕರ್ ಗುರುತು ಅಲ್ಲೇ ಇದೆಯೇ ನೋಡಿ. ಸರಿದಿದ್ದರೆ ಒಂದು ಹನಿಯೂ ಹಾಕಬೇಡಿ. ಗಾಳಿ ಹಾಕಿ ಹೊಟ್ಟೆಯ ಮೇಲೆ ಸದ್ದು ಕೇಳುವ ಹಳೆಯ ರೂಢಿ ನಂಬಿಕೆಗೆ ಅರ್ಹವಲ್ಲ. ಟ್ಯೂಬಿನಿಂದ ಎಳೆದ ದ್ರವವನ್ನು ಆಮ್ಲದ ಮಟ್ಟ ತೋರಿಸುವ ಪಿಎಚ್ ಕಾಗದಕ್ಕೆ ಮುಟ್ಟಿಸಿ 5.5 ಅಥವಾ ಅದಕ್ಕಿಂತ ಕಡಿಮೆ ಬಂದರೆ ಹೊಟ್ಟೆಯಲ್ಲಿದೆ ಎಂದು ತಿಳಿಯಬಹುದು. ಆ್ಯಸಿಡಿಟಿ ಮಾತ್ರೆ ಕೊಡುತ್ತಿದ್ದರೆ ಅಂಕೆ ಮೇಲೆ ಹೋಗುತ್ತದೆ, ಆಗ ನರ್ಸ್‌ಗೆ ತೋರಿಸಿ. ನಾಲ್ಕಾರು ವಾರ ದಾಟಿಯೂ ನುಂಗಲು ಬರದಿದ್ದರೆ ಹೊಟ್ಟೆಗೇ ಹಾಕುವ ಪೆಗ್ ಟ್ಯೂಬಿನ ಬಗ್ಗೆ ಕೇಳಿ.

ಬ್ಯಾಡಗಿಯಿಂದ: ಕಾಕಾ ಅವರಿಗೆ ಸಿಒಪಿಡಿ (ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ), ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ 5 ಲೀಟರ್ ಕಾನ್ಸಂಟ್ರೇಟರ್ ಯಂತ್ರದ ಮೇಲೆ ಇದ್ದಾರೆ, 2 ಲೀಟರ್‌ಗೆ ಇಟ್ಟಿದ್ದೇವೆ. ಕರೆಂಟ್ ಹೋದರೆ ಇನ್ವರ್ಟರ್ ಎಷ್ಟು ಹೊತ್ತು ಬರುತ್ತದೆ? ರಾತ್ರಿ ಉಳಿಯುವ ಹುಡುಗ ಏದುಸಿರು ಕಂಡ ಕೂಡಲೇ 5ಕ್ಕೆ ಏರಿಸುತ್ತಾನೆ.

ಉತ್ತರ: ಎರಡನೆಯದನ್ನು ಮೊದಲು ಹೇಳುತ್ತೇವೆ. ಸಿಒಪಿಡಿ ಇರುವವರಿಗೆ ಆಕ್ಸಿಜನ್ ಹೆಚ್ಚಿಸಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಕವಿಯಬಹುದು. ಬಹಳ ರೋಗಿಗಳಿಗೆ ಡಾಕ್ಟರು ಇಡುವ ಗುರಿ ಆಕ್ಸಿಮೀಟರಿನಲ್ಲಿ 88ರಿಂದ 92 ಶೇಕಡಾ. ನಿಮ್ಮ ಕಾಕಾ ಅವರಿಗೆ ಗುರಿ ಎಷ್ಟು, ಗರಿಷ್ಠ ಎಷ್ಟು ಲೀಟರ್ ಎಂದು ದೊಡ್ಡ ಅಕ್ಷರದಲ್ಲಿ ಬರೆದು ಯಂತ್ರಕ್ಕೇ ಅಂಟಿಸಿ. ಏದುಸಿರು ಬಂದಾಗ ಹುಡುಗ ಮೊದಲು ಕಾಕಾ ಅವರನ್ನು ಮುಂದಕ್ಕೆ ಬಾಗಿಸಿ ಕೂರಿಸಲಿ, ಕೊಳವೆ ಮಡಚಿದೆಯೇ, ನೀರು ಕಟ್ಟಿದೆಯೇ ನೋಡಲಿ, ಆಮೇಲೆ ನಿಮ್ಮನ್ನು ಎಬ್ಬಿಸಲಿ. ಎಬ್ಬಿಸಿದರೆ ಬೈಯುವುದಿಲ್ಲ ಎಂದು ಅವನಿಗೆ ಗೊತ್ತಿರಬೇಕು. ಬೈಸಿಕೊಳ್ಳುವ ಹೆದರಿಕೆಗೇ ಎಷ್ಟೋ ಹುಡುಗರು ತಾವೇ ಗುಂಡಿ ತಿರುವುತ್ತಾರೆ.

ಈಗ ಕರೆಂಟಿನ ಲೆಕ್ಕ. 5 ಲೀಟರ್ ಯಂತ್ರ ಸುಮಾರು 350 ವಾಟ್ ಎಳೆಯುತ್ತದೆ; 2 ಲೀಟರ್‌ಗೆ ಇಟ್ಟರೂ ಹೆಚ್ಚು ಕಡಿಮೆ ಅಷ್ಟೇ. 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ 1,800 ವಾಟ್-ಅವರ್ ಇದ್ದರೂ ಕೈಗೆ ಸಿಗುವುದು 1,100 ಆಸುಪಾಸು. ಅಂದರೆ ಹೊಸ ಬ್ಯಾಟರಿಗೆ ಮೂರು ತಾಸು. ಫ್ಯಾನು, ಟಿವಿ ಅದರ ಮೇಲೇ ಇದ್ದರೆ ಇನ್ನೂ ಕಡಿಮೆ, ಬ್ಯಾಟರಿ ಮೂರು-ನಾಲ್ಕು ವರ್ಷ ಹಳೆಯದಾದರೆ ಅರ್ಧವನ್ನೂ ನಂಬಬೇಡಿ. ಇನ್ವರ್ಟರ್ ಸೈನ್ ವೇವ್ ಆಗಿರಲಿ. ಸ್ಕ್ವೇರ್ ವೇವ್ ಮೇಲೆ ಕಂಪ್ರೆಸರ್ ಬಿಸಿಯಾಗಿ ಬೇಗ ಕೆಡುತ್ತದೆ. ಹಗಲು ಹೊತ್ತಿನಲ್ಲಿ ಒಮ್ಮೆ ಮೇನ್ ಸ್ವಿಚ್ ತೆಗೆದು, ಕಾಕಾ ಅವರನ್ನು ಸಿಲಿಂಡರ್ ಮೇಲೆ ಇಟ್ಟು, ಯಂತ್ರ ನಿಜವಾಗಿ ಎಷ್ಟು ಹೊತ್ತು ನಡೆಯುತ್ತದೆ ಎಂದು ಗಡಿಯಾರ ಹಿಡಿದು ನೋಡಿ.

ಜೊತೆಗೆ ಬಿ ಟೈಪ್ ಸಿಲಿಂಡರ್ ಒಂದು ಇರಲೇಬೇಕು. ತುಂಬಿದ್ದರೆ ಅದರಲ್ಲಿ ಸುಮಾರು 1,500 ಲೀಟರ್ ಆಕ್ಸಿಜನ್. ನಿಮಿಷಕ್ಕೆ 2 ಲೀಟರಿನಂತೆ 12 ತಾಸು, 5 ಲೀಟರಿನಂತೆ 5 ತಾಸು. ಮೀಟರ್ ಮುಳ್ಳು ಅರ್ಧಕ್ಕೆ ಬಂದರೆ ಸಮಯವೂ ಅರ್ಧ. ರೆಗ್ಯುಲೇಟರ್ ಮತ್ತು ಸ್ಪ್ಯಾನರ್ ಸಿಲಿಂಡರಿಗೇ ಕಟ್ಟಿಡಿ. ಕತ್ತಲಲ್ಲಿ ಸ್ಪ್ಯಾನರ್ ಸಿಗದೆ ಪರದಾಡುವ ಮನೆಗಳೇ ಹೆಚ್ಚು. ರೆಗ್ಯುಲೇಟರಿಗೆ ಎಣ್ಣೆ ಮುಟ್ಟಿಸಬಾರದು. ದೇವರ ದೀಪ, ಊದುಬತ್ತಿ, ಗ್ಯಾಸ್ ಒಲೆ, ಬೀಡಿ ಹತ್ತು ಅಡಿ ದೂರವಿರಲಿ. ಮೂಗು ಒಣಗುತ್ತದೆಂದು ಕೊಬ್ಬರಿ ಎಣ್ಣೆ ಹಚ್ಚುವುದೂ ಬೇಡ, ನೀರಿನಂಶದ ಜೆಲ್ ಹಚ್ಚಿ.

ಹೆಸ್ಕಾಂ ಶಾಖಾ ಕಚೇರಿಗೆ ಡಾಕ್ಟರ ಚೀಟಿ ಲಗತ್ತಿಸಿ ಒಂದು ಅರ್ಜಿ ಕೊಟ್ಟು ಲೈನ್‌ಮನ್‌ಗೆ ಮನೆ ತೋರಿಸಿರಿ. ದೂರಿಗೆ 1912. ನಿಮ್ಮೂರಿನಲ್ಲಿ ಮೆಣಸಿನಕಾಯಿ ಸೀಸನ್ನಿನ ಘಾಟು ಎದೆಯ ರೋಗಿಗೆ ತಡೆಯದು. ಆ ತಿಂಗಳುಗಳಲ್ಲಿ ಮಾರುಕಟ್ಟೆ ಕಡೆಯ ಕಿಟಕಿ ಮುಚ್ಚಿಡಿ, ಯಂತ್ರದ ಸ್ಪಂಜ್ ಫಿಲ್ಟರನ್ನು ವಾರಕ್ಕೆರಡು ಸಲ ತೊಳೆದು ಪೂರ್ತಿ ಒಣಗಿಸಿ ಹಾಕಿ, ಯಂತ್ರ ಗೋಡೆಯಿಂದ ಒಂದಡಿ ಈಚೆಗಿರಲಿ.

ಧಾರವಾಡದಿಂದ ಒಬ್ಬ ತಾಯಿ: ಮಗನಿಗೆ 19 ವರ್ಷ, ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತದಲ್ಲಿರದ ಸ್ಥಿತಿ), ಫಿಟ್ಸ್ ಕೂಡ ಇದೆ. ಒಂದು ವರ್ಷದಲ್ಲಿ ನಾಲ್ವರು ಆರೈಕೆಯವರು ಬಿಟ್ಟು ಹೋದರು. ಒಳ್ಳೆಯ ಪಗಾರ ಕೊಡುತ್ತೇವೆ, ಮನೆಯವರ ಹಾಗೆಯೇ ನೋಡಿಕೊಳ್ಳುತ್ತೇವೆ. ಯಾಕೆ ನಿಲ್ಲುವುದಿಲ್ಲ?

ಉತ್ತರ: ತಾಯಿ, ನಿಮ್ಮ ಪತ್ರದ ಇನ್ನೊಂದು ಪುಟದಲ್ಲಿ ದಿನಚರಿ ಬರೆದಿದ್ದೀರಿ. ಬೆಳಿಗ್ಗೆ ಐದೂವರೆಗೆ ಶುರು, ರಾತ್ರಿ ಎರಡು ಮೂರು ಸಲ ಮಗನ ಮಗ್ಗುಲು ಬದಲಿಸುವುದು, ನಡುವೆ ಬಟ್ಟೆ, ಪಾತ್ರೆ. ಕಾರಣ ಅಲ್ಲೇ ಇದೆ. ಮನೆಯಲ್ಲೇ ಉಳಿಯುತ್ತಾರೆ ಎಂದರೆ 24 ತಾಸೂ ಕೆಲಸದಲ್ಲಿರುತ್ತಾರೆ ಎಂದು ಲೆಕ್ಕ ಹಾಕಿದರೆ ಯಾರೂ ಎರಡು ತಿಂಗಳಿಗಿಂತ ಹೆಚ್ಚು ತಾಳರು. ತಾಳಿದರೂ ನಿದ್ದೆಗೆಟ್ಟ ಕೈಯಲ್ಲಿ ಫಿಟ್ಸ್ ಮಾತ್ರೆ ತಪ್ಪುತ್ತದೆ, ಎತ್ತುವಾಗ ಜಾರುತ್ತದೆ.

ರಾತ್ರಿ ಒಂದಕ್ಕಿಂತ ಹೆಚ್ಚು ಸಲ ಏಳಬೇಕಾದ ಮನೆಯಲ್ಲಿ ರಾತ್ರಿಗೆ ಬೇರೆ ವ್ಯಕ್ತಿ ಬೇಕು. ಹಣ ಸಾಲದಿದ್ದರೆ ಮನೆಯವರು ಪಾಳಿ ಹಂಚಿಕೊಳ್ಳಬೇಕು: ಹನ್ನೊಂದರವರೆಗೆ ತಂದೆ, ನಸುಕಿನ ಐದರ ಸರದಿ ತಾಯಿ, ಆರೈಕೆಯವರಿಗೆ ಅಖಂಡ ನಿದ್ದೆ. ಹಗಲಿನಲ್ಲಿ ಎರಡು ತಾಸು ಅವರದೇ ಬಿಡುವು, ಆಗ ‘ಸ್ವಲ್ಪ ಬಾ ಇಲ್ಲಿ’ ಎಂದು ಕರೆಯುವಂತಿಲ್ಲ. ವಾರಕ್ಕೊಂದು ರಜೆ. ಕೆಲಸ ಮಗನದು ಮಾತ್ರ. ಅವನ ಬಟ್ಟೆ, ಅವನ ತಟ್ಟೆ, ಅವನ ಕೋಣೆ. ಮನೆಯ ಮುಸುರೆ ಪಾತ್ರೆ ಇದರಲ್ಲಿ ಬರುವುದಿಲ್ಲ.

ಇದೆಲ್ಲ ಒಂದು ಕಾಗದದ ಮೇಲೆ ಕನ್ನಡದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಪಗಾರದ ತಾರೀಖು, ಅದರಲ್ಲಿ ಬ್ಯೂರೋ ಎಷ್ಟು ಹಿಡಿದುಕೊಳ್ಳುತ್ತದೆ, ಬಿಡುವುದಾದರೆ ಎರಡೂ ಕಡೆಯಿಂದ 15 ದಿನ ಮುಂಚೆ ತಿಳಿಸುವುದು, ಊರಿಗೆ ಹೋಗುವ ಬಸ್ ಖರ್ಚು ಯಾರದು. ಬ್ಯೂರೋಗೆ ನೀವು ಕೊಡುವ ಹಣ ಮತ್ತು ಆ ಹುಡುಗಿಯ ಕೈಗೆ ಹೋಗುವ ಹಣದ ನಡುವೆ ದೊಡ್ಡ ಅಂತರವಿರುವುದು ಅಪರೂಪವಲ್ಲ. ಒಳ್ಳೆಯ ಪಗಾರ ಕೊಡುತ್ತೇವೆ ಎಂದು ನಿಮಗನಿಸುತ್ತಿದ್ದರೂ ಆಕೆಗೆ ಹಾಗೆ ಅನಿಸದಿರಬಹುದು. ಒಮ್ಮೆ ನೇರವಾಗಿ ಕೇಳಿ. ಆಧಾರ್ ಪ್ರತಿ, ಪೊಲೀಸ್ ಪರಿಶೀಲನೆ ಮೊದಲ ವಾರದಲ್ಲೇ ಮುಗಿಸಿ. ಕ್ಯಾಮೆರಾ ಇದ್ದರೆ ಎಲ್ಲಿದೆ ಎಂದು ತೋರಿಸಿ, ಆಕೆ ಮಲಗುವ, ಬಟ್ಟೆ ಬದಲಿಸುವ ಕಡೆ ಇರಕೂಡದು. ಮಲಗಲು ಮಂಚ, ಬೀಗ ಹಾಕುವ ಟ್ರಂಕು, ಬಿಸಿ ಊಟ. ರೊಟ್ಟಿ ಉಂಡು ಬೆಳೆದವರಿಗೆ ಮೂರು ಹೊತ್ತೂ ಅನ್ನ ಹಾಕಿದರೆ ಹೊಟ್ಟೆ ತುಂಬುವುದಿಲ್ಲ, ಬಾಯಿ ಬಿಟ್ಟು ಹೇಳುವುದೂ ಇಲ್ಲ. ಹೆಪಟೈಟಿಸ್-ಬಿ ಲಸಿಕೆ ಆಗದಿದ್ದರೆ 0, 1, 6 ತಿಂಗಳಿನಂತೆ ಮೂರು ಡೋಸ್ ನೀವೇ ಹಾಕಿಸಿ.

ಬೆನ್ನುನೋವಿಗೇ ಬಿಟ್ಟು ಹೋಗುವವರೂ ಇದ್ದಾರೆ. 19 ವರ್ಷದ ಹುಡುಗನನ್ನು ಗಿಡ್ಡ ಮಂಚದಿಂದ ಒಬ್ಬರೇ ಎತ್ತುವುದು ಆಗದ ಮಾತು. ಮಂಚದ ಕಾಲಿಗೆ ಗಟ್ಟಿ ಕಟ್ಟಿಗೆಯ ದಿಮ್ಮಿ ಕೊಟ್ಟು ಎತ್ತುವವರ ಸೊಂಟದ ಮಟ್ಟಕ್ಕೆ ತನ್ನಿ, ಸರಿಸಲು ಅಡ್ಡ ಹಾಸಿದ ಗಟ್ಟಿ ಬಟ್ಟೆ ಬಳಸಿ, ಗಾಲಿಕುರ್ಚಿಗೆ ಹಾಕುವಾಗ ಇಬ್ಬರು ಇರಲಿ.

ಇನ್ನು ಪಂಚಮಿ. ನಾಗರ ಪಂಚಮಿಗೆ ನಮ್ಮ ಕಡೆಯ ಹೆಣ್ಣುಮಕ್ಕಳು ತವರಿಗೆ ಹೋಗಲೇಬೇಕು. ಹೋಗಬೇಡ ಎಂದರೆ ಹೋದವರು ತಿರುಗಿ ಬರುವುದಿಲ್ಲ. ಯುಗಾದಿ, ಪಂಚಮಿ, ದೀಪಾವಳಿ, ಅವರೂರ ಜಾತ್ರೆಯ ರಜೆಯನ್ನು ಮೊದಲೇ ಒಪ್ಪಿಕೊಂಡು, ಬದಲಿ ಬರುವವರನ್ನು ಎರಡು ದಿನ ಮುಂಚೆ ಕರೆಸಿ ಇಬ್ಬರನ್ನೂ ಒಟ್ಟಿಗೆ ಕೆಲಸ ಮಾಡಿಸಿ. ಫಿಟ್ಸ್ ಬಂದಾಗ ಮಗ್ಗುಲಿಗೆ ಮಲಗಿಸುವುದು, ಬಾಯಿಗೆ ಏನೂ ಹಾಕದಿರುವುದು, ಗಡಿಯಾರ ನೋಡುವುದು, 5 ನಿಮಿಷ ದಾಟಿದರೆ ಡಾಕ್ಟರು ಬರೆದುಕೊಟ್ಟ ಮೂಗಿನ ಸ್ಪ್ರೇ ಹಾಕಿ 108ಕ್ಕೆ ಫೋನ್ ಮಾಡುವುದು, ಇಷ್ಟನ್ನು ಬದಲಿಯವರು ನಿಮಗೆ ಬಾಯಿಪಾಠ ಒಪ್ಪಿಸಿದ ಮೇಲೆಯೇ ಹಳಬರನ್ನು ಊರಿಗೆ ಕಳಿಸಿ.

ರೋಣದಿಂದ: ಅಣ್ಣ ಮರದಿಂದ ಬಿದ್ದು ಕುತ್ತಿಗೆಯ ಹತ್ತಿರ ಬೆನ್ನುಹುರಿಗೆ ಪೆಟ್ಟಾಗಿದೆ. ಮೂತ್ರದ ಕ್ಯಾಥೆಟರ್ ಇದೆ. ಆಗಾಗ ಇದ್ದಕ್ಕಿದ್ದಂತೆ ತಲೆ ಸಿಡಿಯುತ್ತದೆ ಅನ್ನುತ್ತಾನೆ, ಮುಖ ಕೆಂಪಾಗಿ ಬೆವರುತ್ತಾನೆ. ಆರೈಕೆಯವನು ಮಲಗಿಸಿ ತಲೆನೋವಿನ ಮಾತ್ರೆ ಕೊಡುತ್ತಾನೆ.

ಉತ್ತರ: ಮಲಗಿಸಬೇಡಿ. ಇದನ್ನು ದಯವಿಟ್ಟು ಇವತ್ತೇ ಮನೆಯ ಎಲ್ಲರಿಗೂ ಓದಿ ಹೇಳಿ. ಎದೆಯ ಆರನೆಯ ಕಶೇರುಕದ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಬೆನ್ನುಹುರಿಗೆ ಪೆಟ್ಟಾದವರಲ್ಲಿ ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಎಂಬ ತೊಂದರೆ ಬರುತ್ತದೆ. ಪೆಟ್ಟಿನ ಕೆಳಗೆ ಏನೋ ಒಂದು ಬಾಧೆ, ಹೆಚ್ಚಾಗಿ ತುಂಬಿದ ಮೂತ್ರಕೋಶ, ಅವನಿಗೆ ಅರಿವಾಗುವುದಿಲ್ಲ. ದೇಹ ಮಾತ್ರ ರಕ್ತದೊತ್ತಡವನ್ನು ಒಮ್ಮೆಲೇ ಏರಿಸುತ್ತದೆ. ತಡವಾದರೆ ಮಿದುಳಿನಲ್ಲಿ ರಕ್ತಸ್ರಾವ ಆಗಬಹುದು.

ಕೂಡಲೇ ನೆಟ್ಟಗೆ ಕೂರಿಸಿ, ಕಾಲು ಕೆಳಗೆ ಇಳಿಬಿಡಿ. ಸೊಂಟದ ದಾರ, ಬೆಲ್ಟ್, ಬಿಗಿ ಬಟ್ಟೆ ಸಡಿಲಿಸಿ. ಕ್ಯಾಥೆಟರನ್ನು ತುದಿಯಿಂದ ಬ್ಯಾಗಿನವರೆಗೆ ಕೈಯಲ್ಲಿ ಹಿಡಿದು ನೋಡುತ್ತ ಹೋಗಿ: ಮಡಚಿದೆಯೇ, ತೊಡೆಯ ಕೆಳಗೆ ಸಿಕ್ಕಿದೆಯೇ, ಬ್ಯಾಗ್ ತುಂಬಿದೆಯೇ. ಎತ್ತುವಾಗ ಕ್ಲಾಂಪ್ ಹಾಕಿ ತೆಗೆಯಲು ಮರೆತಿರುವುದು ಬಹಳ ಕಡೆ ಸಿಗುವ ಕಾರಣ. ಮೂತ್ರ ಹರಿಯದಿದ್ದರೆ ಕ್ಯಾಥೆಟರ್ ಕಟ್ಟಿದೆ, ನರ್ಸ್ ಬಂದು ಬದಲಿಸಬೇಕು. ಮೂತ್ರ ಸರಿಯಿದ್ದರೆ ಮಲ ಗಟ್ಟಿಯಾಗಿರಬಹುದು. ಲಿಗ್ನೊಕೇನ್ ಜೆಲ್ಲಿ ಹಚ್ಚಿ ಐದು ನಿಮಿಷ ಕಾದು ಮೆತ್ತಗೆ ತೆಗೆಯಬೇಕು, ಜೆಲ್ಲಿ ಇಲ್ಲದೆ ಬೆರಳು ಹಾಕಿದರೆ ಒತ್ತಡ ಇನ್ನೂ ಏರುತ್ತದೆ. ಹುಣ್ಣು, ಒಳಗೆ ಬೆಳೆದ ಕಾಲುಗುರು ಕೂಡ ಕಾರಣವಾಗಬಲ್ಲವು.

ಇಂಥವರ ರಕ್ತದೊತ್ತಡದ ಮೇಲಿನ ಅಂಕೆ ಸಹಜವಾಗಿಯೇ 90-110 ಇರುತ್ತದೆ. ಅದಕ್ಕೆ 140 ಬಂದಾಗ ‘ಸ್ವಲ್ಪ ಹೆಚ್ಚು’ ಎಂದು ಬಿಟ್ಟುಬಿಡುತ್ತಾರೆ. ಮಾಮೂಲಿಗಿಂತ 20ರಿಂದ 40 ಏರಿದರೇ ಇದು ಶುರುವಾಗಿದೆ ಎಂದರ್ಥ. ಐದೈದು ನಿಮಿಷಕ್ಕೆ ನೋಡಿ, ಕಾರಣ ತೆಗೆದ ಮೇಲೂ ಇಳಿಯದಿದ್ದರೆ ಅಥವಾ 150 ದಾಟಿದರೆ ಕೂರಿಸಿಕೊಂಡೇ ದವಾಖಾನೆಗೆ ಹೋಗಿ. ತೊಂದರೆಯ ಹೆಸರು, ಅವನ ಮಾಮೂಲಿ ಬಿಪಿ ಎರಡನ್ನೂ ಚೀಟಿಯಲ್ಲಿ ಬರೆದು ಅವನ ಜೇಬಿನಲ್ಲಿಡಿ. ರಾತ್ರಿ ಪಾಳಿಯ ಹೊಸ ಡಾಕ್ಟರಿಗೆ ಅದು ಬೇಕಾಗುತ್ತದೆ.

ಹಾವೇರಿಯಿಂದ: ಏರ್ ಬೆಡ್ ತಂದು ಹಾಕಿದರೂ ಅವ್ವನಿಗೆ ಬೆನ್ನ ಕೆಳಗೆ ಬೆಡ್ ಸೋರ್ ಆಗಿದೆ. ಹಾಗಾದರೆ ಅದರಿಂದ ಪ್ರಯೋಜನವೇನು?

ಉತ್ತರ: ಏರ್ ಬೆಡ್ ಮೇಲೆ ಏನು ಹಾಸಿದ್ದೀರಿ? ನಮ್ಮ ಕಡೆ ಹತ್ತರಲ್ಲಿ ಹಲವು ಮನೆಗಳಲ್ಲಿ ಮೆತ್ತಗಿರಲಿ ಎಂದು ಮೇಲೆ ಕೌದಿ, ಅದರ ಮೇಲೆ ರಬ್ಬರ್ ಶೀಟು, ಅದರ ಮೇಲೆ ಎರಡು ಮಡಿಕೆಯ ಚಾದರ ಇರುತ್ತದೆ. ಗಾಳಿಯ ಗುಳ್ಳೆಗಳು ತುಂಬಿ ಇಳಿಯುವ ಕೆಲಸ ಮೈಗೆ ತಲುಪುವುದೇ ಇಲ್ಲ. ಒಂದೇ ಪದರ ಹತ್ತಿ ಬಟ್ಟೆ ಸಾಕು. ಕೌದಿಯನ್ನು ಏರ್ ಬೆಡ್ಡಿನ ಕೆಳಗೆ ಹಾಸಿ.

ಏರ್ ಬೆಡ್ಡಿನ ಪಂಪಿನ ಗುಂಡಿಯನ್ನು ಅವ್ವನ ತೂಕಕ್ಕೆ ಹೊಂದಿಸಿ. ನಿಮ್ಮ ಅಂಗೈಯನ್ನು ಏರ್ ಬೆಡ್ಡಿನ ಕೆಳಗೆ, ಅವ್ವನ ಸೊಂಟದ ನೇರಕ್ಕೆ ತೂರಿಸಿ. ಮೂಳೆ ಕೈಗೆ ತಾಗಿದರೆ ಗಾಳಿ ಕಡಿಮೆ, ನಡುವೆ ಒಂದು ಇಂಚು ಗಾಳಿ ಇರಬೇಕು. ಕಲ್ಲಿನಂತೆ ಬಿಗಿಯಾಗಿದ್ದರೂ ತಪ್ಪು. ಬೆಡ್ ಇದ್ದರೂ ಮಗ್ಗುಲು ಬದಲಿಸುವುದು ತಪ್ಪದು, ಎರಡು ತಾಸಿಗೊಮ್ಮೆ. ಪೂರ್ತಿ ಮಗ್ಗುಲಿಗೆ ಹಾಕಿದರೆ ಚಪ್ಪೆಯ ಮೂಳೆ ಒತ್ತುತ್ತದೆ, ಆದ್ದರಿಂದ ಬೆನ್ನ ಹಿಂದೆ ದಿಂಬು ಕೊಟ್ಟು 30 ಡಿಗ್ರಿ ಮಾತ್ರ ವಾಲಿಸಿ. ಮೊಣಕಾಲುಗಳ ನಡುವೆ ಒಂದು ದಿಂಬು, ಮೀನಖಂಡದ ಕೆಳಗೆ ಒಂದು. ಹಿಮ್ಮಡಿ ಯಾವುದಕ್ಕೂ ತಾಗದೆ ತೇಲುತ್ತಿರಬೇಕು. ಗಾಳಿ ತುಂಬಿದ ಟ್ಯೂಬಿನ ಉಂಗುರ ಬೇಡ, ಅದರ ಅಂಚು ಸುತ್ತಲಿನ ರಕ್ತ ಸಂಚಾರ ತಡೆಯುತ್ತದೆ.

ಊಟಕ್ಕೆ ತಲೆಯ ಕಡೆ ಎತ್ತಿದಾಗ ಮೈ ಕೆಳಗೆ ಜಾರಿ ಚರ್ಮ ಒಳಗಿಂದೊಳಗೇ ಹರಿಯುತ್ತದೆ, ನಿಮ್ಮವ್ವನಿಗೂ ಹೀಗೆಯೇ ಆಗಿರಬಹುದು. ಮೊದಲು ಮೊಣಕಾಲು ಎತ್ತಿ, ಆಮೇಲೆ ತಲೆ ಎತ್ತಿ, ಊಟವಾಗಿ ಒಂದು ತಾಸಿಗೆ ಇಳಿಸಿ. ಕೆಂಪಾದ ಜಾಗವನ್ನು ತಿಕ್ಕಬೇಡಿ, ಪೌಡರ್, ಸ್ಪಿರಿಟ್, ಅರಿಶಿನ ಹಚ್ಚಬೇಡಿ. ನಮ್ಮ ಬಣ್ಣದ ಚರ್ಮದಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ. ಸುತ್ತಲಿಗಿಂತ ಬಿಸಿ, ಗಟ್ಟಿ ಅಥವಾ ಮೆತ್ತಗೆ ಇದೆಯೇ ಎಂದು ಬೆರಳಿಂದ ಮುಟ್ಟಿ ನೋಡಿ. ಹುಣ್ಣು ಕಪ್ಪಾಗಿದ್ದರೆ, ವಾಸನೆ ಬಂದರೆ, ಜ್ವರ ಬಂದರೆ ಮನೆಮದ್ದು ಮಾಡುತ್ತ ಕೂರದೆ ಸರ್ಜನ್‌ಗೆ ತೋರಿಸಿ.

ಲಕ್ಷ್ಮೇಶ್ವರದಿಂದ: ಅಜ್ಜಿಗೆ ಟ್ಯೂಬಿನಲ್ಲಿ ಆಹಾರ, ದಿನಕ್ಕೆ ಮೂರು ಸಲ ಇನ್ಸುಲಿನ್. ಮೊನ್ನೆ ಇನ್ಸುಲಿನ್ ಹಾಕಿದ ಮೇಲೆ ಟ್ಯೂಬ್ ಕಿತ್ತು ಬಂತು. ಏನು ಮಾಡಬೇಕಿತ್ತು?

ಉತ್ತರ: ಮೊದಲು ಟ್ಯೂಬಿನ ಗುರುತು, ಆಮೇಲೆ ನೀರು ಇಳಿಯುವುದು, ಎರಡೂ ಖಾತ್ರಿಯಾದ ಮೇಲೆ ಮಾತ್ರ ಇನ್ಸುಲಿನ್. ಈ ಕ್ರಮವನ್ನು ಬದಲಿಸಬೇಡಿ. ಹಾಕಿಯಾದ ಮೇಲೆ ಆಹಾರ ನಿಂತರೆ ಹದಿನೈದು ನಿಮಿಷಕ್ಕೊಮ್ಮೆ ಗ್ಲುಕೋಮೀಟರ್‌ನಲ್ಲಿ ನೋಡುತ್ತ ಡಾಕ್ಟರಿಗೆ ಫೋನ್ ಮಾಡಿ. 70ಕ್ಕಿಂತ ಕೆಳಗೆ ಹೋಗಿ ಟ್ಯೂಬ್ ಸರಿಯಿದ್ದರೆ 15 ಗ್ರಾಂ, ಅಂದರೆ ಮೂರು ಚಹಾ ಚಮಚ ಸಕ್ಕರೆಯನ್ನು 50 ಮಿಲಿ ನೀರಿನಲ್ಲಿ ಕರಗಿಸಿ ಟ್ಯೂಬಿನಲ್ಲಿ ಕೊಟ್ಟು ಮತ್ತೆ ನೋಡಿ. ಟ್ಯೂಬ್ ಇಲ್ಲದಿದ್ದರೆ ನುಂಗಲು ಬಾರದ ಬಾಯಿಗೆ ಸಕ್ಕರೆ ನೀರು ಹೊಯ್ಯಬೇಡಿ, 108 ಕರೆಸಿ; ಅವರು ರಕ್ತನಾಳಕ್ಕೆ ಗ್ಲೂಕೋಸ್ ಕೊಡುತ್ತಾರೆ. ಬಳಸಿದ ಸೂಜಿಗಳನ್ನು ದಪ್ಪ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಕಸದ ಬುಟ್ಟಿಗೆ ಬೇಡ.

ಶಿಗ್ಗಾಂವಿಯಿಂದ: ಇಷ್ಟೆಲ್ಲ ಖರ್ಚಿಗೆ ಸರ್ಕಾರದ ಸಹಾಯ ಏನಾದರೂ ಇದೆಯೇ?

ಉತ್ತರ: ಮೊದಲು ಯುಡಿಐಡಿ, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಕಾರ್ಡ್ ಮಾಡಿಸಿ, ಉಳಿದದ್ದಕ್ಕೆಲ್ಲ ಅದನ್ನೇ ಕೇಳುತ್ತಾರೆ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅರ್ಜಿ ತುಂಬಲು ನೆರವಾಗುತ್ತಾರೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವಿಕಲತೆ, ಬಹುವಿಧ ಅಂಗವಿಕಲತೆ ಇರುವವರಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಪಾರ್ಶ್ವವಾಯುವಿಗೆ ಇದು ಬರುವುದಿಲ್ಲ. ಹಳೆಯ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವವರು ತಮ್ಮನ್ನು ಅವಲಂಬಿಸಿದ ಅಂಗವಿಕಲರ ಆರೈಕೆಗಾಗಿ 75,000 ರೂಪಾಯಿ, ಅಂಗವಿಕಲತೆ ಶೇ 80 ಅಥವಾ ಹೆಚ್ಚಿದ್ದರೆ 1,25,000 ರೂಪಾಯಿ ಕಡಿತ ಪಡೆಯಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 38ನೇ ಕಲಮು ಹೆಚ್ಚಿನ ನೆರವು ಬೇಕಾದವರು ಅದನ್ನು ಕೇಳಿ ಅರ್ಜಿ ಹಾಕಲು ಅವಕಾಶ ಕೊಡುತ್ತದೆ. ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬನ್ನಿ.